ಮಂಗಳವಾರದ ಮೂರನೇ ಪೀರಿಯಡ್

“ಸಾಯೋದಕ್ಕೂ ರಜೆ ನೋಡ್ಕೊಂಡ್ರು ನೋಡಿ ಅತ್ತಿಗೆ. ಒಂದೇ ಒಂದು ಪೀರಿಯಡ್ ಹಾಳು ಮಾಡ್ಲಿಲ್ಲ ಪುಣ್ಯಾತ್ಮ!”

ಹೆಡ್ಮಾಸ್ಟರು ಇದನ್ನು ಹೊಗಳಿಕೆಯೆಂದೇ ಹೇಳಿದರು. ಮೇಷ್ಟ್ರ ಹೆಂಡತಿ ಹೊಲಿಗೆ ಯಂತ್ರದ ಹಿಂದೆ, ಯಾರದೋ ಅಂಗಿಯ ತೋಳನ್ನು ಅರ್ಧಕ್ಕೆ ನಿಲ್ಲಿಸಿ, ಕೈಕಟ್ಟಿ ಕೂತಿದ್ದಳು. ಗಂಡ ತೀರಿಕೊಂಡು ಐದು ವಾರವಾಗಿತ್ತು. ಈ ಐದು ವಾರದಲ್ಲಿ, ಆಕೆಯ ಹೊಲಿಗೆ ಅಂಗಡಿಯೂ ಆದ ಈ ಮುಂದಿನ ಕೋಣೆಗೆ ಬಂದು ಕೂತವರೆಲ್ಲ ಇದೇ ಮಾತನ್ನು ಬೇರೆ ಬೇರೆ ಅಳತೆಗೆ ಹೊಲಿದು ತಂದಿದ್ದರು. ಮೂವತ್ತಮೂರು ವರ್ಷದಲ್ಲಿ ಒಂದು ದಿನ ರಜೆ ಹಾಕಿದವರಲ್ಲ. ತಮಗಾಗಿ ಏನನ್ನೂ ಕೇಳಿದವರಲ್ಲ. ಯಾರಿಗೂ ಇಲ್ಲ ಎಂದವರಲ್ಲ. ಅಲ್ಲ, ಅಲ್ಲ ಎಂಬ ಈ ಪಟ್ಟಿ ಕೇಳಿ ಕೇಳಿ ಆಕೆಯ ಕಿವಿ ತೂತು ಬಿದ್ದಿತ್ತು. ಇಷ್ಟೆಲ್ಲ ಅಲ್ಲದ ಮನುಷ್ಯನ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡುವುದೆಂದರೆ ಏನೆಂದು ಮಾತ್ರ ಒಬ್ಬರೂ ಕೇಳಲಿಲ್ಲ.

“ಹೌದು,” ಎಂದಳು. “ಬದುಕಿದ್ದೂ ಹಾಗೇ. ನಿಮ್ಮ ಪೀರಿಯಡ್‌ಗಳ ಮಧ್ಯೆ ಬಿಡುವಾದಾಗ.”

ಹೆಡ್ಮಾಸ್ಟರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಮೇಷ್ಟ್ರಿಗಿಂತ ಹತ್ತು ವರ್ಷ ಚಿಕ್ಕವರು; ಅಧಿಕಾರ ಮೇಲಿನದಾದರೂ ಈ ಮನೆಯಲ್ಲಿ ಅವರ ದನಿ ಯಾವಾಗಲೂ ಒಂದು ಮೆಟ್ಟಿಲು ಕೆಳಗೇ ನಿಂತು ಮಾತಾಡುತ್ತಿತ್ತು. ವಿಷಯಕ್ಕೆ ಬರಲು ಅವರಿಗೆ ಇನ್ನೊಂದು ಲೋಟ ನೀರು ಬೇಕಾಯಿತು. ಸೋಮವಾರ ಶಾಲೆ ತೆರೆಯುತ್ತದೆ, ಇವತ್ತು ಗುರುವಾರ, ಟೈಂಟೇಬಲ್ ಇಲ್ಲ.

“ನಾನೂ ಡ್ರಿಲ್ ಮೇಷ್ಟ್ರೂ ಮೂರು ದಿನದಿಂದ ಕೂತಿದ್ದೀವಿ ಅತ್ತಿಗೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಾಗಿದೆ. ನಿನ್ನೆ ಸಂಜೆ ಎಲ್ಲಾ ಸರಿಹೋಯ್ತು ಅಂತ ಟೀ ಕುಡಿದ್ವಿ. ಆಮೇಲೆ ನೋಡಿದ್ರೆ ಬುಧವಾರ ಎರಡನೇ ಪೀರಿಯಡ್‌ನಲ್ಲಿ ನಾನೇ ಮೂರು ಕ್ಲಾಸಲ್ಲಿದ್ದೀನಿ.”

“ದೇವರಾಗಿಬಿಟ್ರಿ ಬಿಡಿ.”

“ತಮಾಷೆ ಮಾಡ್ಬೇಡಿ. ಮೇಷ್ಟ್ರ ಹತ್ರ ಒಂದು ಉದ್ದ ಪುಸ್ತಕ ಇತ್ತಲ್ಲ, ದಪ್ಪ ರಟ್ಟಿನದು? ಯಾರಿಗೆ ಯಾವ ಹೊತ್ತು ಆಗೋದಿಲ್ಲ ಅಂತ ಅದರಲ್ಲಿ ಬರ್ಕೋತಿದ್ರು. ಅದೊಂದು ಸಿಕ್ಕಿದ್ರೆ ನಮ್ಮ ಮಾನ ಉಳಿಯುತ್ತೆ.”

“ಹುಡುಕಿ ಇಡ್ತೀನಿ. ನಾಳೆ ಸಂಜೆ ಬನ್ನಿ.”

ಹುಡುಕುವುದೇನೂ ಇರಲಿಲ್ಲ. ಪುಸ್ತಕ ಆಕೆಯ ಬೆನ್ನ ಹಿಂದಿನ ಕಪಾಟಿನಲ್ಲೇ, ಅಳತೆಪಟ್ಟಿಗಳ ಡಬ್ಬದ ಕೆಳಗೆ ಇತ್ತು. ಐದು ವಾರ ಅದನ್ನು ಕಣ್ಣಿಂದ ನೋಡಿದ್ದಳೇ ಹೊರತು ಕೈಯಲ್ಲಿ ಮುಟ್ಟಿರಲಿಲ್ಲ. ಈಗ ಹೇಗೂ ಕೈಬಿಟ್ಟು ಹೋಗುವುದೆಂದಾದ ಮೇಲೆ ಆಕೆಗೆ ಒಂದು ದಿನ ಬೇಕಿತ್ತು. ಒಂದು ಪ್ರಶ್ನೆಯಿತ್ತು. ಅದಕ್ಕೆ ಉತ್ತರ ಆ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವಂತಿರಲಿಲ್ಲ.

ಆ ಪ್ರಶ್ನೆ ಇದು. ಹೋದ ವರ್ಷ ಶಾಲೆ ಶುರುವಾಗುವ ಮುನ್ನ, ನೀರಿನ ಕೊಡ ಹಿಡಿದು ಮಹಡಿ ಹತ್ತುತ್ತಿದ್ದ ಮೇಷ್ಟ್ರು ನಾಲ್ಕನೇ ಮೆಟ್ಟಿಲಲ್ಲಿ ನಿಂತು, ಎದೆಯನ್ನು ಅಂಗೈಯಿಂದ ಒತ್ತಿಕೊಂಡು, “ಏನೂ ಇಲ್ಲ, ಗಾಳಿ” ಎಂದಿದ್ದರು. ಬೀದಿಯ ಡಾಕ್ಟರು ಗಾಳಿಯೆಂದು ಒಪ್ಪಲಿಲ್ಲ. ಹೃದಯದ ಡಾಕ್ಟರಿಗೆ ತೋರಿಸಿ ಎಂದರು. ಊರಿನ ಆಸ್ಪತ್ರೆಗೆ ದೊಡ್ಡ ಡಾಕ್ಟರುಗಳೆಲ್ಲ ಒಂದೇ ವ್ಯಾನಿನಲ್ಲಿ ಮಂಗಳವಾರ ಮಾತ್ರ ಬರುತ್ತಿದ್ದರು. ಹನ್ನೊಂದಕ್ಕೆ ಬಂದರೆ ಹನ್ನೆರಡಕ್ಕೆ ಹೊರಡುತ್ತಿದ್ದರು. ಹನ್ನೊಂದು ಗಂಟೆಯೆಂದರೆ ಶಾಲೆಯಲ್ಲಿ ಮೂರನೇ ಪೀರಿಯಡ್. ಆಸ್ಪತ್ರೆ ಶಾಲೆಯಿಂದ ಐದು ನಿಮಿಷದ ನಡಿಗೆ.

“ಈ ವರ್ಷ ಮಂಗಳವಾರ ಮೂರನೇದು ನನಗೇ ಬಿಡುವು ಇಟ್ಕೊಂಡಿದ್ದೀನಿ, ಸಾಕಾ?” ಎಂದು ಮೇಷ್ಟ್ರು ಹೇಳಿದ್ದರು. ಹಾಗೆ ಹೇಳಿದಾಗ ಅವರ ಮುಖದಲ್ಲಿ ಕಳ್ಳತನ ಮಾಡಿದವನ ಸಂಕೋಚವಿತ್ತು. ಒಂದು ವಾರ ಕಳೆದು ಶಾಲೆ ಶುರುವಾದಾಗ, “ಸ್ವಲ್ಪ ಹೊಂದಾಣಿಕೆ ಆಗ್ಬೇಕು, ನೋಡೋಣ” ಎಂದರು. ನೋಡುತ್ತ ನೋಡುತ್ತ ಹತ್ತು ತಿಂಗಳು ಹೋಯಿತು. ರಜೆ ಬಂತು. ರಜೆಯ ಮೊದಲ ಮಂಗಳವಾರವೇ ಅಂಗಿಗೆ ಇಸ್ತ್ರಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಹೃದಯದ ಡಾಕ್ಟರಿಗೂ ಮಕ್ಕಳಿದ್ದರು, ಆ ಮಕ್ಕಳಿಗೂ ರಜೆಯಿತ್ತು. ಎರಡು ವಾರ ಬರುವುದಿಲ್ಲವೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಮೇಷ್ಟ್ರು ದಾರಿಯಲ್ಲಿ ಬದನೆಕಾಯಿ ಕೊಂಡುಕೊಂಡು ಮನೆಗೆ ಬಂದರು. ಮುಂದಿನ ಭಾನುವಾರ ಬೆಳಿಗ್ಗೆ, ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದವರು ಏಳಲಿಲ್ಲ.

ಆ ಬಿಡುವನ್ನು ಯಾರಿಗೆ ಕೊಟ್ಟರು? ಯಾರು ಕೇಳಿದರು? ಐದು ವಾರದಿಂದ, ಬಂದು ಕೂತ ಒಬ್ಬೊಬ್ಬ ಸಹೋದ್ಯೋಗಿಯ ಮುಖವನ್ನೂ ಆಕೆ ಇದೊಂದೇ ಪ್ರಶ್ನೆಯಿಂದ ಅಳೆದಿದ್ದಳು. ನೀನೋ? ನೀನೋ? ಡ್ರಿಲ್ ಮೇಷ್ಟ್ರು ಬಿಕ್ಕಿ ಬಿಕ್ಕಿ ಅತ್ತಾಗ, ಇವನೇ ಎಂದು ಅರ್ಧ ತೀರ್ಮಾನವೂ ಆಗಿತ್ತು.

*

ಶುಕ್ರವಾರ ಬೆಳಿಗ್ಗೆ ಆಕೆ ಅಂಗಡಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕತ್ತರಿಸುವ ಮೇಜಿನ ಮೇಲೆ ಪುಸ್ತಕವನ್ನು ಬಿಚ್ಚಿದಳು. ಅದನ್ನು ಓದಲು ಆಕೆಗೆ ಯಾರ ಸಹಾಯವೂ ಬೇಕಿರಲಿಲ್ಲ. ಟೈಂಟೇಬಲ್ ಎಂಬ ಆ ಅನಿಷ್ಟ ಆಕೆಯ ಕಣ್ಣೆದುರೇ ಬೆಳೆದದ್ದು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಮೇಷ್ಟ್ರು, ಗೋಡೆಗೆ ಅಂಟಿಸಿದ್ದ ಟೈಂಟೇಬಲ್ ನೋಡಿ, ಐದನೇ ತರಗತಿಗೆ ಶುಕ್ರವಾರ ಯಾರೂ ಇಲ್ಲ, ಆರನೆಯದಕ್ಕೆ ಇಬ್ಬರಿದ್ದಾರೆ ಎಂದು ಬಾಯಿಬಿಟ್ಟರಂತೆ. ತಪ್ಪು ತೋರಿಸಿದವನ ತಲೆಗೇ ಕೆಲಸ. ಅಲ್ಲಿಂದ ಪ್ರತಿ ವರ್ಷ ರಜೆಯ ಕೊನೆಯ ಎರಡು ವಾರ ಅವರು ಮನೆಯ ಹಜಾರವನ್ನು ವಶಪಡಿಸಿಕೊಳ್ಳುತ್ತಿದ್ದರು. ಹನ್ನೆರಡು ತರಗತಿ, ಹೆಡ್ಮಾಸ್ಟರನ್ನೂ ಸೇರಿಸಿ ಹದಿನಾರು ಜನ ಪಾಠ ಮಾಡುವವರು, ವಾರಕ್ಕೆ ಮೂವತ್ತೊಂಬತ್ತು ಪೀರಿಯಡ್. ಒಟ್ಟು ನಾನೂರ ಅರವತ್ತೆಂಟು ಚೀಟಿ. ಕಾಗದದ ಚೀಟಿ ಮಡಚಿಕೊಳ್ಳುತ್ತದೆಂದು, ಮದುವೆಯಾದ ಮೊದಲ ವರ್ಷ ಆಕೆಯೇ ಕಾಲರಿಗೆ ಹಾಕುವ ಬಕ್ರಂ ಬಟ್ಟೆಯನ್ನು ಬೆರಳಗಲ ಕತ್ತರಿಸಿ ಕೊಟ್ಟಿದ್ದಳು. ಒಬ್ಬೊಬ್ಬರ ಚೀಟಿಗೂ ಒಂದೊಂದು ಬಟ್ಟೆಯ ಚೂರು ಅಂಟಿಸಿದ್ದೂ ಆಕೆಯೇ. ಡ್ರಿಲ್ ಮೇಷ್ಟ್ರಿಗೆ ಚೌಕಳಿ, ವಿಜ್ಞಾನದ ಮೇಡಂಗೆ ಹಸಿರು ಹೂವು, ಹೆಡ್ಮಾಸ್ಟರಿಗೆ ಕೋಟಿನ ಒಳಬಟ್ಟೆಯ ಹೊಳೆಯುವ ನೀಲಿ. ಮೇಷ್ಟ್ರ ಚೀಟಿಗೆ ಮಾತ್ರ ಬರಿಯ ಬಿಳಿ ಬಕ್ರಂ. “ನನಗ್ಯಾಕೆ ಬಟ್ಟೆ, ಬಣ್ಣ ಇಲ್ಲದ್ದೆಲ್ಲಾ ನನ್ನದೇ ಅಂತ ಗೊತ್ತಾಗುತ್ತಲ್ಲ,” ಎಂದಿದ್ದರು. ಹೊಸ ಹೆಂಡತಿಗೆ ಆಗ ಅದು ಚಂದದ ಮಾತೆನಿಸಿತ್ತು.

ಚೀಟಿಗಳು ನೆಲದ ಮೇಲಿದ್ದಷ್ಟು ದಿನ ಕಸ ಗುಡಿಸುವಂತಿಲ್ಲ, ಬಾಗಿಲು ಜೋರಾಗಿ ಹಾಕುವಂತಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಫ್ಯಾನ್ ಹಾಕುವಂತಿಲ್ಲ. ಬೇಸಿಗೆಯ ಬೇಗೆಯಲ್ಲಿ, ಮೈಯೆಲ್ಲ ನೀರಾಗಿ ಇಳಿಯುತ್ತಿರುವಾಗ, ಸ್ವಿಚ್ಚಿನತ್ತ ಯಾರ ಕೈ ಹೋದರೂ ಮೇಷ್ಟ್ರು ತಲೆಯೆತ್ತದೆ, “ಫ್ಯಾನ್ ಹಾಕಿದ್ರೆ ಚೀಟಿ ಹಾರುತ್ತೆ” ಎನ್ನುತ್ತಿದ್ದರು. ಮೂವತ್ತೊಂದು ಬೇಸಿಗೆ ಈ ಒಂದು ವಾಕ್ಯವನ್ನು ಕೇಳಿದ ಆಕೆಗೆ, ಜಗತ್ತಿನಲ್ಲಿ ಅದಕ್ಕಿಂತ ಸಿಟ್ಟು ತರಿಸುವ ವಾಕ್ಯ ಬೇರೊಂದಿದೆ ಎನಿಸಿರಲಿಲ್ಲ.

ಮಗಳು ಅಂಬೆಗಾಲಿಡುತ್ತಿದ್ದ ವರ್ಷ ಒಂದು ಚೀಟಿಯನ್ನು ನುಂಗಿಬಿಟ್ಟಿದ್ದಳು. ಶಾಲೆ ಶುರುವಾಗಿ ಮೂರು ವಾರವಾದ ಮೇಲೆ ಗೊತ್ತಾಯಿತು: ಏಳನೇ ತರಗತಿಗೆ ಶುಕ್ರವಾರ ಐದನೇ ಪೀರಿಯಡ್ ಯಾರೂ ಹೋಗುತ್ತಿಲ್ಲ. ನಲವತ್ತು ಮಕ್ಕಳು ಆ ಗುಟ್ಟನ್ನು ಕಾಪಾಡಿಕೊಂಡು, ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು ಮುಕ್ಕಾಲು ಗಂಟೆ ಆಡುತ್ತಿದ್ದವಂತೆ. “ನಿಮ್ಮ ಮಗಳು ಚರಿತ್ರೆ ಜೀರ್ಣಿಸಿಕೊಂಡಳು,” ಎಂದು ಆಕೆ ನಕ್ಕಿದ್ದಳು. ಮೇಷ್ಟ್ರು ನಗಲಿಲ್ಲ. ಮರುದಿನವೇ ಆ ಪೀರಿಯಡ್‌ಗೆ ತಮ್ಮ ಬಿಳಿ ಚೀಟಿ ಹಾಕಿಕೊಂಡರು.

ಬೈಯುವುದಕ್ಕೆ ಸರಿಯಾದ ಒಂದು ಕಾರಣವನ್ನಾದರೂ ಕೊಡುವ ಗಂಡನಾಗಿದ್ದರೆ ಬದುಕು ಸುಲಭವಿರುತ್ತಿತ್ತು. ಸಂಜೆ ಐದೂಕಾಲಿಗೆ ಗೇಟಿನ ಸದ್ದಾಗುತ್ತಿತ್ತು. ಒಂದು ದಿನವೂ ಐದೂವರೆಯಾಗಲಿಲ್ಲ. ಆಕೆ ಬಟ್ಟೆ ಕತ್ತರಿಸುವಾಗ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದರು, ಹೊಲಿದ ಅಂಗಿಗಳ ಗುಂಡಿಗೆ ಕಾಜಾ ಹಾಕುತ್ತಿದ್ದರು. ಮಗಳಿಗೆ ಎರಡು ಜಡೆ ಹೆಣೆದರೆ ಎರಡರಲ್ಲೂ ಒಂದೇ ಲೆಕ್ಕದ ಎಳೆ. ಶಾಲೆಯಲ್ಲೂ ಹಾಗೆಯೇ. ಲೆಕ್ಕ ತಪ್ಪಿದ ಮಗುವಿನ ಪಕ್ಕ ಬೆಂಚಿನ ಮೇಲೆ ಕೂತು, ತಪ್ಪನ್ನು ಅಳಿಸದೆ ಅದೇ ದಾರಿಯಲ್ಲಿ ಕೊನೆಯವರೆಗೆ ಅದರ ಜೊತೆ ಹೋಗುತ್ತಿದ್ದರಂತೆ. “ತಪ್ಪಿನ ಜೊತೆ ನಡೀಬೇಕು. ಎಲ್ಲೋ ಒಂದು ಕಡೆ ಅದೇ ನಾಚ್ಕೊಂಡು ನಿಂತ್ಬಿಡುತ್ತೆ.” ಇಂಥವರ ಮೇಲೆ ಸಿಟ್ಟಾದರೆ ಸಿಟ್ಟಾದವರೇ ಕೆಟ್ಟವರಾಗಿ ಕಾಣುತ್ತಾರೆ. ಆಕೆ ಮೂವತ್ತೊಂದು ವರ್ಷ ಕೆಟ್ಟವಳಾಗಿ ಕಂಡಿದ್ದಳು.

ಪುಸ್ತಕದ ಪುಟಗಳು ವರ್ಷದಿಂದ ವರ್ಷಕ್ಕೆ ತೆಳುವಾದ ಪೆನ್ಸಿಲ್ ಅಕ್ಷರದಲ್ಲಿ ಸಾಗಿದ್ದವು. ಪ್ರತಿ ವರ್ಷ ಶಾಲೆ ತೆರೆಯುವ ಮುನ್ನ ಮೇಷ್ಟ್ರು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು: ನಿಮಗೆ ಯಾವ ಹೊತ್ತು ಬೇಡ? ಯಾವುದು ಬೇಕು ಎಂದು ಕೇಳುತ್ತಿರಲಿಲ್ಲ. “ಬೇಕು ಅನ್ನೋದಕ್ಕೆ ಕೊನೆ ಇಲ್ಲ, ಬೇಡ ಅನ್ನೋದಕ್ಕಿದೆ.” ಕಾರಣವನ್ನು ಒಂದು ಸಲ ಕೇಳಿ, ಒಂದೇ ಪದದಲ್ಲಿ ಬರೆದುಕೊಳ್ಳುತ್ತಿದ್ದರು. ಎರಡನೇ ಸಲ ಕೇಳುವಂತಿಲ್ಲ, ಕೇಳುವುದು ಅವಮಾನ. ಒಮ್ಮೆ ದಾಖಲಾದ ‘ಬೇಡ’ವನ್ನು ಹೇಳಿದವರೇ ಬಂದು ಹಿಂತೆಗೆದುಕೊಳ್ಳುವವರೆಗೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಅವರು ರಜೆ ಹಾಕದಿರುವುದಕ್ಕೂ ಇದೇ ಕಾರಣ. ತಾವು ರಜೆ ಹಾಕಿದರೆ ತಮ್ಮ ತರಗತಿಗೆ ಬಿಡುವಿರುವ ಯಾರನ್ನಾದರೂ ಕಳಿಸಬೇಕು. ಆ ಬಿಡುವು ತಾವೇ ಅವರಿಗೆ ಕೊಟ್ಟ ಮಾತು.

ಆಕೆ ಹೋದ ವರ್ಷದ ಪುಟಕ್ಕೆ ಬಂದಳು.

ಡ್ರಿಲ್: ಸೋಮವಾರ ಮೊದಲನೆಯದು ಬೇಡ. ಭಾನುವಾರ. ಆಕೆಗೆ ಅರ್ಥವಾಯಿತು, ಭಾನುವಾರ ಸಂಜೆ ಡ್ರಿಲ್ ಮೇಷ್ಟ್ರು ಬೀದಿಯ ಅಗಲವನ್ನು ಎರಡೂ ಕಡೆಯಿಂದ ಅಳೆಯುತ್ತ ಮನೆಗೆ ಹೋಗುವುದನ್ನು ಎಲ್ಲರೂ ನೋಡಿದ್ದರು. ಸಮಾಜದ ಇಬ್ಬರು: ಒಟ್ಟಿಗೆ ಬಿಡುವು ಬೇಡ. ಮಾತಾಡುವುದಿಲ್ಲ. ಅದರ ಕೆಳಗೇ, ಭಾಷೆಯ ಇಬ್ಬರು: ಒಟ್ಟಿಗೆ ಬಿಡುವು ಬೇಡ. ಮಾತಾಡುತ್ತಾರೆ. ಹೆಡ್ಮಾಸ್ಟರು: ಊಟದ ನಂತರದ್ದು ಬೇಡ. ನಿದ್ದೆ. ಸಿಟ್ಟಿನ ನಡುವೆಯೂ ಆಕೆಯ ತುಟಿ ಸೊಟ್ಟಗಾಯಿತು. ಮುಂದೆ ಹೋದಂತೆ ಅದು ನೆಟ್ಟಗಾಯಿತು. ವಿಜ್ಞಾನ: ಕೊನೆಯದು ಬೇಡ. ಗಂಡ. ಚಿತ್ರಕಲೆ: ಬುಧವಾರ ಮೊದಲನೆಯದು ಬೇಡ. ಕೋರ್ಟು. ನಗುನಗುತ್ತ ಅಂಗಿ ಹೊಲಿಸಿಕೊಂಡು ಹೋಗುವ ಈ ಜನರು ಒಂದೊಂದು ಪದದಲ್ಲಿ ಇಲ್ಲಿ ಬಟ್ಟೆ ಕಳಚಿ ನಿಂತಿದ್ದರು. ಈ ಪುಸ್ತಕವನ್ನು ಹೆಡ್ಮಾಸ್ಟರ ಕೈಗೆ ಕೊಡುವುದೇ? ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಕೊಡಲಾಗದು. ಅದು ಹೊಳೆದ ಕೂಡಲೇ ಆಕೆಗೆ ಗಂಡನ ಮೇಲೆ ಮತ್ತೆ ಸಿಟ್ಟು ಬಂತು. ಬದುಕಿದ್ದಾಗ ಹಜಾರ ಕಿತ್ತುಕೊಂಡರು, ಈಗ ಊರಿನ ಗುಟ್ಟನ್ನೆಲ್ಲ ತಲೆಯ ಮೇಲೆ ಹೊರಿಸಿ ಹೋದರು.

ಪುಟದ ಅಡಿಯಲ್ಲಿ ಮಂಗಳವಾರಕ್ಕೆ ಒಂದು ಪ್ರತ್ಯೇಕ ಚೌಕವಿತ್ತು. ಹನ್ನೆರಡು ತರಗತಿಗೆ ಹದಿನಾರು ಜನ. ಯಾವ ಹೊತ್ತಿನಲ್ಲೂ ನಾಲ್ವರಿಗೆ ಮಾತ್ರ ಬಿಡುವು ಸಾಧ್ಯ. ಮಂಗಳವಾರ ಮೂರನೆಯದು ಆಸ್ಪತ್ರೆಯ ವ್ಯಾನು ಬರುವ ಹೊತ್ತಾದ್ದರಿಂದ ಅದಕ್ಕೆ ನೂಕುನುಗ್ಗಲು. ಮೊದಲ ಮೂರು ಹೆಸರು ಹಳೆಯವು, ನಾಲ್ಕೈದು ವರ್ಷದಿಂದ ಕದಲದವು: ಒಬ್ಬರ ತಾಯಿಯ ಕಣ್ಣು, ಒಬ್ಬರ ಮಂಡಿ, ಇನ್ನೊಬ್ಬರದ್ದು ‘ಹೇಳಲಿಲ್ಲ’ ಎಂದಷ್ಟೇ. ನಾಲ್ಕನೆಯ ಸಾಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿದ ಗುರುತಿತ್ತು. ಆಕೆ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಅಳಿಸಿದ ಅಕ್ಷರ ಕಾಗದದಲ್ಲಿ ಕುಳಿಬಿದ್ದು ಹಾಗೇ ಇತ್ತು.

ಗಣಿತ ಒಂದು. ಎದೆ.

ಅದರ ಮೇಲೆ, ಅಳಿಸದೆ ಉಳಿದ ಸಾಲು: ಗಣಿತ ಎರಡು. ಮಗುವಿನ ಮಾತು.

ಶಾಲೆಯಲ್ಲಿ ಗಣಿತಕ್ಕೆ ಇದ್ದದ್ದು ಇಬ್ಬರೇ. ಒಂದು ಮೇಷ್ಟ್ರು. ಎರಡು, ಮೂರು ವರ್ಷದ ಹಿಂದೆ ಅದೇ ಶಾಲೆಗೆ ಸೇರಿದ ಅವರ ಮಗಳು.

ಮೊಮ್ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಮಾತು ಕಲಿಸುವವಳ ಬಳಿಗೆ ಮಗಳು ಕರೆದೊಯ್ಯುತ್ತಿದ್ದಳು. ಆದರೆ ಅದು ಶನಿವಾರವಲ್ಲವೇ? ಶನಿವಾರ ಮಧ್ಯಾಹ್ನ ಮಗುವನ್ನೆತ್ತಿಕೊಂಡು ತಾನೇ ಎಷ್ಟೋ ಸಲ ಹೋಗಿದ್ದಾಳೆ. ಮೊದಮೊದಲು ಯಾವ ದಿನವಿತ್ತು? ಮಗಳ ಮನೆ ಬೇರೆ ಬೀದಿಯಲ್ಲಿ, ಶಾಲೆಯಿಂದಲೇ ಹೋಗಿ ಬರುತ್ತಿದ್ದಳು, ಆಕೆ ಕೇಳಿರಲಿಲ್ಲ.

ಕೇಳದಿದ್ದದ್ದು ಅದೊಂದು. ಹೇಳಿದ್ದು ಇನ್ನೊಂದಿತ್ತು, ಅದು ಈಗ ನೆನಪಾಯಿತು. ಮಗಳು ಸೇರಿದ ಮೊದಲ ಎರಡು ವರ್ಷವೂ ಮೇಷ್ಟ್ರು ಅವಳಿಗೆ ತಮ್ಮಂತೆಯೇ ಯಾರಿಗೂ ಬೇಡವಾದ ಪೀರಿಯಡ್‌ಗಳನ್ನು ಹಾಕಿದ್ದರು: ಊಟದ ನಂತರದ್ದು, ಕೊನೆಯದು, ಶನಿವಾರದ ಕಟ್ಟಕಡೆಯದು. ಪಕ್ಷಪಾತವೆಂದು ಯಾರೂ ಬೆರಳು ತೋರಿಸಬಾರದಲ್ಲ. ಹೋದ ಬೇಸಿಗೆ, ನೆಲದ ತುಂಬ ಚೀಟಿ, ತಲೆಯ ಮೇಲೆ ನಿಂತ ಫ್ಯಾನು, ಆಕೆ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದ್ದಳು:

“ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀವೇ ಅಲ್ವೇನ್ರೀ? ನೀವು ಬಿಸಿಲಲ್ಲಿ ನಿಂತ್ಕೊಳ್ಳಿ, ಯಾರು ಬೇಡ ಅಂದ್ರು. ಅವಳನ್ನ ಯಾಕೆ ಪಕ್ಕದಲ್ಲಿ ನಿಲ್ಲಿಸ್ಕೋತೀರಿ? ಒಂದೇ ಒಂದು ಸಲ, ನಿಮ್ಮ ಮಗಳು ಕೇಳಿದ್ದನ್ನ ಇಲ್ಲ ಅನ್ನದೆ ಕೊಡಿ ನೋಡೋಣ!”

ಮೇಷ್ಟ್ರು ಮೊಣಕಾಲೂರಿ ಕೂತಿದ್ದವರು ತಲೆಯೆತ್ತಿದ್ದರು. “ಆಯ್ತು ಮಾರಾಯ್ತಿ,” ಎಂದಿದ್ದರು. “ಈ ಸಲ ಅವಳು ಕೇಳಿದ್ದು ಕೊಡ್ತೀನಿ.”

ಆಕೆ ಪುಸ್ತಕವನ್ನು ಮುಚ್ಚಿದಳು. ಐದು ವಾರ ಜತನದಿಂದ ಹರಿತ ಮಾಡಿಟ್ಟುಕೊಂಡಿದ್ದ ಸಿಟ್ಟು ಕೈಯಲ್ಲಿತ್ತು. ಬೀಸಲು ಎದುರಿಗೆ ಯಾರೂ ಇರಲಿಲ್ಲ. ಡ್ರಿಲ್ ಮೇಷ್ಟ್ರಿಲ್ಲ, ಹೆಡ್ಮಾಸ್ಟರಿಲ್ಲ. ಮಗಳ ಮೇಲೆ ಬೀಸುವುದೇ? ತನ್ನ ಮೇಲೆಯೇ? ಒಂದು ಮಾತು, ‘ನನಗೂ ಅದೇ ಹೊತ್ತು ಬೇಕು, ಆಸ್ಪತ್ರೆಗೆ ಹೋಗಬೇಕು’ ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೆ, ಮಗಳು ಮಗುವನ್ನು ಅಜ್ಜಿಯ ಕೈಗೆ ಕೊಡುತ್ತಿದ್ದಳು. ಅಜ್ಜಿ ಅಂಗಡಿಗೆ ಬೀಗ ಹಾಕಿ ಹೋಗುತ್ತಿದ್ದಳು. ಅಷ್ಟೇ ತಾನೇ? ಹದಿನಾರು ಜನರ ತಾಪತ್ರಯವನ್ನು ಚೀಟಿಯ ಮೇಲೆ ಕೂರಿಸಬಲ್ಲ ಮನುಷ್ಯನಿಗೆ ಮನೆಯ ಮೂರು ಜನರನ್ನು ಹೊಂದಿಸಲು ಬರಲಿಲ್ಲ.

“ಲೆಕ್ಕದ ಮೇಷ್ಟ್ರಂತೆ, ಲೆಕ್ಕದ ಮೇಷ್ಟ್ರು,” ಎಂದು ಖಾಲಿ ಕೋಣೆಗೆ ಹೇಳಿದಳು. ಆಮೇಲೆ ಪುಸ್ತಕವನ್ನು ಮತ್ತೆ ಬಿಚ್ಚಿ, ರಬ್ಬರ್ ತೆಗೆದುಕೊಂಡು ಆ ನಾಲ್ಕನೆಯ ಸಾಲನ್ನು ಉಜ್ಜಿದಳು. ಎಷ್ಟು ಉಜ್ಜಿದರೂ ಬೆಳಕಿಗೆ ಹಿಡಿದರೆ ‘ಎದೆ’ ಕಾಣುತ್ತಿತ್ತು. ಕೊನೆಗೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಪುಟದ ಅಡಿಯ ಆ ಚೌಕವನ್ನೇ ನೇರವಾಗಿ ಕತ್ತರಿಸಿ, ಮಡಚಿ, ಹೊಲಿಗೆ ಯಂತ್ರದ ಡ್ರಾಯರಿನ ತಳಕ್ಕೆ ತುರುಕಿದಳು. ಮಗಳಿಗೆ ಇದು ತಿಳಿಯಕೂಡದು. ಅಷ್ಟು ಮಾತ್ರ ಸ್ಪಷ್ಟವಿತ್ತು.

*

ಸಂಜೆ ಹೆಡ್ಮಾಸ್ಟರ ಜೊತೆ ಆಕೆಯ ಮಗಳೂ ಬಂದಳು. ಹಜಾರದ ನೆಲದ ಮೇಲೆ, ಮೇಷ್ಟ್ರು ವಾರದ ಗೆರೆಗಳನ್ನು ಎಳೆದಿಟ್ಟಿದ್ದ ಹಲಗೆಯನ್ನು ಹಾಸಿ, ಚೀಟಿಗಳ ಡಬ್ಬವನ್ನು ಸುರಿದು ಮೂವರೂ ಕೂತರು.

“ಪುಸ್ತಕ ಕೊಡಿ ಅತ್ತಿಗೆ.”

“ಪುಸ್ತಕ ಕೊಡೋದಿಲ್ಲ. ನಾನು ಓದ್ತೀನಿ, ನೀವು ಬರ್ಕೊಳ್ಳಿ.”

“ಅದ್ಯಾಕೆ?”

“ಅವರ ಅಕ್ಷರ ನಿಮಗೆ ಅರ್ಥ ಆಗೋದಿಲ್ಲ.” ಮೇಷ್ಟ್ರ ಅಕ್ಷರ ಮುತ್ತಿನಂತಿತ್ತೆಂದು ಇಡೀ ಶಾಲೆಗೆ ಗೊತ್ತಿತ್ತು. ಹೆಡ್ಮಾಸ್ಟರು ಆಕೆಯ ಮುಖ ನೋಡಿ ಪೆನ್ನಿನ ಮುಚ್ಚಳ ತೆಗೆದರು.

“ಡ್ರಿಲ್ ಮೇಷ್ಟ್ರಿಗೆ ಸೋಮವಾರ ಮೊದಲನೇದು ಬೇಡ.”

“ಯಾಕಂತೆ?”

“ಬೇಡ ಅಂದ್ರೆ ಬೇಡ. ವಿಜ್ಞಾನದ ಮೇಡಂಗೆ ಕೊನೇದು ಬೇಡ.”

“ಅವರ ಮನೆ ಇಲ್ಲೇ ಹಿಂದಿನ ಬೀದೀಲಿದೆಯಲ್ಲ, ಅವರಿಗೇನು ಕಷ್ಟ?”

“ಅವರ ಕಷ್ಟ ಅವರಿಗೆ. ಬರ್ಕೊಳ್ಳಿ. ನಿಮಗೆ ಊಟದ ನಂತರದ್ದು ಬೇಡ.”

ಹೆಡ್ಮಾಸ್ಟರ ಪೆನ್ನು ನಿಂತಿತು. “ಅದಕ್ಕೆ... ಕಾರಣ ಏನಾದ್ರೂ ಬರೆದಿದ್ದಾರಾ?”

“ಆಫೀಸ್ ಕೆಲಸ ಅಂತ ಬರೆದಿದ್ದಾರೆ.”

“ಹೌದು ಹೌದು,” ಎಂದರು ಹೆಡ್ಮಾಸ್ಟರು ಬಹಳ ಸಮಾಧಾನದಿಂದ. ಮಗಳು ತಲೆ ತಗ್ಗಿಸಿ ಚೀಟಿ ಜೋಡಿಸುವ ನೆಪದಲ್ಲಿ ನಗು ನುಂಗಿದಳು. ತಂದೆ ಸತ್ತ ಮೇಲೆ ಅವಳ ಮುಖದಲ್ಲಿ ನಗುವಿನ ಸುಳಿವು ಕಂಡದ್ದು ಅದೇ ಮೊದಲು.

ಹೀಗೆ ಹಲಗೆಯ ಮೇಲೆ ವಾರ ಮುಂದುವರಿಯಿತು. ಬಿಳಿ ಚೀಟಿಗಳನ್ನು ಮೇಷ್ಟ್ರ ಜಾಗಕ್ಕೆ ಹೊಸದಾಗಿ ಬರಲಿರುವವರಿಗೆ ಎಂದು ಬದಿಗಿಟ್ಟಿದ್ದರು. ಮಂಗಳವಾರದ ಮೂರನೆಯದಕ್ಕೆ ಬಂದಾಗ ಆಕೆ ಪುಸ್ತಕವನ್ನು ತನ್ನತ್ತ ಇನ್ನಷ್ಟು ವಾಲಿಸಿಕೊಂಡು ಮೂರು ಹೆಸರು ಹೇಳಿದಳು. ನಾಲ್ಕನೆಯದಕ್ಕೆ ಗದ್ದದಿಂದಲೇ ಮಗಳನ್ನು ತೋರಿಸಿದಳು. “ಇವಳದ್ದು.”

“ಅದೀಗ ಬೇಡಮ್ಮ,” ಎಂದಳು ಮಗಳು. “ಪಾಪೂನ ಕರ್ಕೊಂಡ್ಹೋಗೋಕೆ ಅಂತ ಕೇಳಿದ್ದೆ. ಅದು ಎರಡೇ ತಿಂಗಳು. ಆಮೇಲೆ ಮಾತು ಕಲಿಸೋರು ಆಸ್ಪತ್ರೆ ಬಿಟ್ಟು ಸ್ವಂತ ಕ್ಲಿನಿಕ್ ಮಾಡ್ಕೊಂಡ್ರು, ಅದು ಶನಿವಾರಕ್ಕೆ ಹೋಯ್ತಲ್ಲ.”

ಆಕೆಯ ಬೆರಳು ಪುಟದ ಕತ್ತರಿಸಿದ ಅಂಚಿನ ಮೇಲೆ ನಿಂತಿತು. ಎರಡೇ ತಿಂಗಳು. ಉಳಿದ ಎಂಟು ತಿಂಗಳು?

“ಅಪ್ಪನಿಗೆ ಹೇಳ್ಲಿಲ್ವಾ?”

“ಹೇಳ್ಬೇಕು ಅಂತಲೇ ಇದ್ದೆ.” ಮಗಳು ಹಳದಿ ಚೀಟಿಯೊಂದನ್ನು ಉಗುರಿನಿಂದ ಕೆರೆಯತೊಡಗಿದಳು; ಅದು ಅವಳ ಬಾಲ್ಯದ ಲಂಗದ ಬಟ್ಟೆ. “ಅಪ್ಪನೂ ಕೇಳ್ಲಿಲ್ಲ. ವಾರದಲ್ಲಿ ಅದೊಂದೇ ಹೊತ್ತು ಸ್ಟಾಫ್ ರೂಮಲ್ಲಿ ಒಬ್ಬಳೇ ಕೂತ್ಕೋತಿದ್ದೆ. ನೋಟ್‌ಬುಕ್ ತಿದ್ದೋದು, ಸುಮ್ನೆ ಇರೋದು. ಎದುರಿಗೆ ನೈನ್ ಬಿ ಕಿಟಕಿ. ಅಪ್ಪ ಪಾಠ ಮಾಡೋದು ಕಾಣ್ತಿತ್ತು. ಮಧ್ಯೆ ಮಧ್ಯೆ ಬೋರ್ಡಿಗೆ ಕೈ ಊರಿ ನಿಂತು ಎದೆ ಒರೆಸ್ಕೋತಿದ್ರು. ಸೀಮೆಸುಣ್ಣದ ಧೂಳು ಬಿತ್ತೇನೋ ಅನ್ಕೊಂಡಿದ್ದೆ.” ಅವಳು ತಲೆಯೆತ್ತಿದಳು. “ಅಮ್ಮ, ಸೀಮೆಸುಣ್ಣವೇ ಇರ್ಬೇಕಲ್ಲ?”

ಮಡಚಿ ಡ್ರಾಯರಿನ ತಳಕ್ಕೆ ತುರುಕಬಹುದಾದ ಪ್ರಶ್ನೆಯಾಗಿರಲಿಲ್ಲ ಅದು. ಆಕೆಯ ನಾಲಗೆಯ ತುದಿಗೆ ಬಂದದ್ದು ಬೇರೆಯೇ. ಒಮ್ಮೆ, ಒಂದೇ ಒಮ್ಮೆ ಹೋಗಿ ಹೇಳಿದ್ದರೆ ನಿನ್ನ ಬಾಯೇನು ಸವೆದುಹೋಗುತ್ತಿತ್ತು ಎಂಬ ಮಾತು. ಆದರೆ ಅದನ್ನು ಆಡಲು ಯಾರಿಗೆ ಬಾಯಿದೆ? ಕೇಳದವರು ಒಬ್ಬರು, ಹೇಳದವರು ಒಬ್ಬರು, ಸೊಂಟಕ್ಕೆ ಕೈಕೊಟ್ಟು ನಿಂತು ಕೊಡಿಸಿದವಳು ಒಬ್ಬಳು.

“ಸೀಮೆಸುಣ್ಣವೇ,” ಎಂದಳು. “ಅವರ ಅಂಗಿ ಒಗೆದದ್ದು ನಾನೇ ಅಲ್ವಾ.”

ಹೆಡ್ಮಾಸ್ಟರು ಗಂಟಲು ಸರಿಮಾಡಿಕೊಂಡರು. “ಹಾಗಾದ್ರೆ ಆ ಬಿಡುವು ಬೇರೆ ಯಾರಿಗಾದ್ರೂ...”

“ಇಲ್ಲ. ಅವಳಿಗೇ ಇರಲಿ.”

“ಬೇಡ ಅಂದ್ನಲ್ಲಮ್ಮ.”

“ಬೇಕು. ಮೊದಲನೇ ಮಂಗಳವಾರ ಹೋಗಿ ಹೃದಯದ ಡಾಕ್ಟ್ರಿಗೆ ನಿನ್ನ ಎದೆ ತೋರಿಸ್ಕೊಂಡು ಬಾ. ಅಪ್ಪನ ಮಗಳು ನೀನು. ಅದರಲ್ಲೂ ಅವರನ್ನೇ ಹೋಲಬೇಡ.”

“ನನಗೇನಾಗಿದೆ?”

“ಏನೂ ಆಗಿಲ್ಲ. ಆಗದೇ ಇರೋವಾಗ್ಲೇ ಹೋಗ್ಬೇಕು. ಎರಡನೇ ಸಲ ಕೇಳ್ಬೇಡ.” ಆಕೆ ಹೆಡ್ಮಾಸ್ಟರತ್ತ ತಿರುಗಿದಳು. “ಹೊಸಬರು ಬರ್ತಾರಲ್ಲ, ಅವರನ್ನ ನೀವು ಕೇಳಿದ್ರಾ, ಯಾವ ಹೊತ್ತು ಬೇಡ ಅಂತ?”

“ಇನ್ನೂ ಇಲ್ಲ. ಮೇಷ್ಟ್ರು ತಗೋತಿದ್ದದ್ದನ್ನೇ ಅವರಿಗೆ ಹಾಕೋಣ ಅಂತ.”

“ಅಂದ್ರೆ ಯಾರಿಗೂ ಬೇಡವಾದದ್ದೆಲ್ಲಾ.” ಆಕೆ ಬಿಳಿ ಚೀಟಿಗಳ ಗುಡ್ಡೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ಅವರನ್ನ ಕೇಳಿ ಬನ್ನಿ. ಹೇಳದಿದ್ರೆ ಇನ್ನೊಂದು ಸಲ ಕೇಳಿ. ಹೇಳೋವರೆಗೆ ಕೇಳಿ. ಮೂವತ್ತಮೂರು ವರ್ಷದಲ್ಲಿ ಇವರನ್ನ ಒಬ್ಬರು ಕೇಳಿದ್ರಾ? ಅಲ್ಲಿವರೆಗೆ ಈ ಚೀಟಿ ನನ್ನ ಹತ್ರ ಇರುತ್ತೆ.”

“ಅತ್ತಿಗೆ, ಸೋಮವಾರ ಶಾಲೆ...”

“ಸೋಮವಾರಕ್ಕೆ ಇನ್ನೂ ಎರಡು ದಿನ ಇದೆ. ಅವರು ಇದ್ದಿದ್ರೆ ಅಷ್ಟರಲ್ಲಿ ಇಡೀ ಶಾಲೆ ಹೊಂದಿಸ್ತಿದ್ರು.”

ಕೋಣೆಯಲ್ಲಿ ಗಾಳಿಯಾಡುತ್ತಿರಲಿಲ್ಲ. ಹೆಡ್ಮಾಸ್ಟರ ಅಂಗಿ ಬೆನ್ನಿಗೆ ಅಂಟಿತ್ತು. ಹಣೆಯಿಂದ ಒಂದು ಹನಿ ಬಿದ್ದು ಬುಧವಾರವನ್ನು ಒದ್ದೆ ಮಾಡಿತು. ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದು, “ಏನು ಸೆಖೆ ಮಾರಾಯ್ರೆ!” ಎನ್ನುತ್ತ ಗೋಡೆಯ ಸ್ವಿಚ್ಚಿನತ್ತ ಕೈ ಚಾಚಿದರು.

“ಫ್ಯಾನ್ ಹಾಕಿದ್ರೆ ಚೀಟಿ ಹಾರುತ್ತೆ,” ಎಂದಳು ಆಕೆ, ತಲೆಯೆತ್ತದೆ.

ಹೆಡ್ಮಾಸ್ಟರ ಕೈ ಗಾಳಿಯಲ್ಲೇ ನಿಂತಿತು. ಮಗಳು ಅಮ್ಮನನ್ನೇ ನೋಡಿದಳು. ಆಡಿದ ಮಾತು ತನ್ನದೇ ಕಿವಿಗೆ ಬಿದ್ದು ಆಕೆಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ಹೋಗಿ ತಾನೇ ಫ್ಯಾನ್ ಹಾಕಿಬಿಡಬೇಕು, ನಾನೂರ ಅರವತ್ತೆಂಟೂ ಹಾರಿ ಹೋಗಲಿ ಎನಿಸಿತು. ಆದರೆ ಮಡಿಲ ತುಂಬ ಬಿಳಿ ಚೀಟಿಗಳಿದ್ದವು. ಏಳಲಾಗಲಿಲ್ಲ.

“ಕೂತ್ಕೊಳ್ಳಿ,” ಎಂದಳು. “ಬುಧವಾರ ಮೊದಲನೇದು. ಚಿತ್ರಕಲೆಯವರಿಗೆ ಬೇಡ.”